ಅವ್ವನ ಮಾತಿಗೆ ಉಣ್ಣುತ್ತಿದ್ದ ನಾಯಿ

ಆ ವಾರ ನಮ್ಮ ಬೀದಿಯಲ್ಲಿ ನಾಲ್ಕು ನಾಯಿಗಳು ಸತ್ತವು. ಪುಟ್ಟೇನಹಳ್ಳಿ ಕೆರೆಯ ಕಡೆಗೆ ಹೋಗುವ ಬೀದಿ ನಮ್ಮದು. ಒಂದು ಮಗ್ಗುಲಿಗೆ ನಮ್ಮಂಥ ಹಳೇ ಊರಿನವರ ತಗ್ಗು ಮನೆಗಳು, ಎದುರಿಗೆ ಬಾಡಿಗೆಗೆಂದು ಎತ್ತರಕ್ಕೆ ಕಟ್ಟಿದ ಹೊಸ ಮನೆಗಳು. ಯಾರೋ ಕೋಳಿ ತುಂಡಿನಲ್ಲಿ ವಿಷ ಬೆರೆಸಿ ಕಸ ಹಾಕುವ ಮೂಲೆಯಲ್ಲಿ ಇಟ್ಟಿದ್ದರು. ಯಾರೆಂದು ಇಂದಿಗೂ ಗೊತ್ತಿಲ್ಲ. ಅವು ಸಾಯುವುದನ್ನು ನಮ್ಮವ್ವ ಗೇಟಿನ ಹತ್ತಿರ ನಿಂತು ನೋಡಿದಳು. ಒಳಗೆ ಬಂದವಳೇ ನಮ್ಮ ನಾಯಿಯ ಕುತ್ತಿಗೆಗೆ ಕೈ ಹಾಕಿಕೊಂಡು ಕೂತಳು.

ನಮ್ಮದು ಜಾತಿ ನಾಯಿಯೇನಲ್ಲ. ಹುಣಸಮಾರನಹಳ್ಳಿಯ ನೆಂಟರ ಮನೆಯ ಹಟ್ಟಿಯಲ್ಲಿ ಹುಟ್ಟಿದ್ದು, ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಒಂದು ಜೋಲು. ಆಗ ಅದಕ್ಕೆ ವರ್ಷ ತುಂಬಿತ್ತಷ್ಟೆ. ತಿನ್ನುವುದರಲ್ಲಿ ಅದಕ್ಕೆ ಭೇದವೇ ಇರಲಿಲ್ಲ. ಸೋಪು, ತೆಂಗಿನ ನಾರು, ನನ್ನ ಹೆಂಡತಿಯ ಚಪ್ಪಲಿ, ಎಲ್ಲವೂ ಊಟವೇ.

"ಇದು ಇನ್ನೊಂದ್ ವಾರ ಬದ್ಕಾಕಿಲ್ಲ ಕಣ್ಲಾ," ಅಂದಳು ಅವ್ವ. "ಏನಾರಾ ಮಾಡು."

ಹಿಂದಿನ ರಸ್ತೆಯಲ್ಲಿ ವಿಜಯಪುರದ ಕಡೆಯವರೊಬ್ಬರು ಬಾಡಿಗೆಗಿದ್ದರು. ಸೈನ್ಯದಲ್ಲಿ ನಾಯಿಗಳನ್ನು ಪಳಗಿಸುವ ಕೆಲಸ ಮಾಡಿ ನಿವೃತ್ತರಾಗಿ, ಈಗ ಯಾವುದೋ ಆಫೀಸಿನ ಕಾವಲುಗಾರರ ಮೇಲ್ವಿಚಾರಕರಾಗಿದ್ದರು. ಬೆಳಿಗ್ಗೆ ಆರಕ್ಕೆಲ್ಲ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ವಾಕಿಂಗ್ ಹೋಗುವ ಮನುಷ್ಯ. ಕೇಳಿದ್ದೇ ತಡ, ಬಂದರು. ನಾಯಿ ಅವರ ಬೂಟಿನ ಲೇಸು ಕಚ್ಚಿ ಎಳೆಯುತ್ತಿದ್ದಾಗ ಒಂದಿಷ್ಟೂ ಅಲುಗಾಡದೆ ಅದನ್ನೇ ನೋಡಿದರು.

"ಕೂಡೂದು, ನಿಲ್ಲೂದು ಆಮ್ಯಾಲ ಕಲಸೂಣ್ರಿ ಸರ. ಮೊದಲ ಇದರ ಬಾಯಿ ಕಟ್ಟೂಣು."

"ಪಾಪ, ಬಾಯಿ ಯಾಕ್ ಕಟ್ಟೀರಪ್ಪಾ?" ಎಂದಳು ಅವ್ವ.

"ಹಗ್ಗದಿಂದ ಅಲ್ರಿ ಅವ್ವಾರ, ಮಾತಿನಿಂದ. ದಿನಾ ಕೂಳು ಹಾಕವ್ರು ಯಾರು?"

"ನಾನೇ ಕಣಪ್ಪ."

"ಹಂಗಾದ್ರ ಮೊದಲ ಪಾಳಿ ನಿಮ್ದು."

ಪಾಠ ಬಹಳ ಸರಳವಾಗಿತ್ತು. ಬೇಯಿಸಿದ ಈಲಿಯ, ಅಂದರೆ ಲಿವರಿನ, ಚೂರನ್ನು ಮುಷ್ಟಿಯಲ್ಲಿ ಹಿಡಿದು ಅದರ ಮೂತಿಯ ಮುಂದೆ ಚಾಚಬೇಕು. ಮೇಲೆ ಬಿದ್ದರೆ ಮುಷ್ಟಿ ಬಿಗಿ ಮಾಡಿ "ಬಿಡು" ಅನ್ನಬೇಕು. ಅದು ನೆಕ್ಕುತ್ತದೆ, ಪರಚುತ್ತದೆ, ಬೊಗಳುತ್ತದೆ. ಎಲ್ಲ ಸೋತ ಮೇಲೆ ಒಂದು ಗಳಿಗೆ ಕೈಯನ್ನು ಬಿಟ್ಟು ನಮ್ಮ ಮುಖ ನೋಡುತ್ತದೆ. ಆ ಗಳಿಗೆಗೆ ಸರಿಯಾಗಿ ಮುಷ್ಟಿ ಬಿಚ್ಚಿ, ತಿನ್ನುವುದಕ್ಕೆ ಅಪ್ಪಣೆಯ ಮಾತು ಹೇಳಬೇಕು. ಯಾವ ಮಾತು ಎಂದು ಅವರು ಕೇಳಿದಾಗ ಅವ್ವ ಯೋಚಿಸಲೇ ಇಲ್ಲ. "ಉಣ್ಣು ಮಗಾ," ಎಂದಳು.

ಅದು ನಮ್ಮ ಮನೆಯ ಮಾತೇ. ನಾವು ಚಿಕ್ಕವರಿದ್ದಾಗ ಮುದ್ದೆ, ಸಾರು ಎಲ್ಲರ ತಟ್ಟೆಗೂ ಬಂದು, ಅವ್ವ ಸೆರಗಿಗೆ ಕೈ ಒರೆಸಿಕೊಂಡು "ಉಣ್ರಪ್ಪಾ" ಅನ್ನುವವರೆಗೆ ಯಾರೂ ಕೈ ಇಡುತ್ತಿರಲಿಲ್ಲ. ನನಗೀಗ ಐವತ್ತು ದಾಟಿದೆ. ಹೋಟೆಲಿನಲ್ಲಿ ಕೂತರೂ ಕೈ ತಾನಾಗಿ ಒಂದು ಕ್ಷಣ ತಟ್ಟೆಯ ಮೇಲೆ ತಡೆಯುತ್ತದೆ.

ಹತ್ತು ದಿನದಲ್ಲಿ ನಾಯಿ ಕಲಿತುಬಿಟ್ಟಿತು. ಆಮೇಲೆ ಅವರು ಬೀದಿಯವರ ಕೈಯಲ್ಲೆಲ್ಲ ಬಿಸ್ಕತ್ತು, ಕಬಾಬು ಕೊಡಿಸಿ ನೋಡಿದರು. ನಾಯಿ ಮೂಸುತ್ತಿತ್ತು, ಕೂರುತ್ತಿತ್ತು, ತಿರುಗಿ ಅವ್ವನ ಮುಖ ನೋಡುತ್ತಿತ್ತು. ಪಾಠ ಮುಗಿಯಿತೆಂದು ನಾನು ಕಾಫಿ ತರಿಸಿದಾಗ ಅವರು ಲೋಟ ಕೆಳಗಿಟ್ಟರು.

"ಮುಗಿದಿಲ್ರಿ. ಇನ್ನ ಹತ್ತ ದಿನ ನೀವು, ಆಮ್ಯಾಲ ಹತ್ತ ದಿನ ಮೇಡಂ. ಬೀಗದ ಕೈ ಒಬ್ಬರ ಹಂತೇಕ ಇರಬಾರದು. ಮನ್ಯಾಗಿನ ಎಲ್ಲಾರ ಬಾಯಿಂದನೂ ಆ ಮಾತ ಬರಬೇಕು."

ನಾನು ಮೂರು ದಿನ ಮಾಡಿದೆ. ಹೆಬ್ಬಾಳದ ಆಫೀಸಿಗೆ ಹೋಗಿ ಬರುವುದರಲ್ಲೇ ದಿನ ಕಳೆಯುತ್ತಿತ್ತು, ನಾಲ್ಕನೆಯ ದಿನ ಬೇಸರವಾಯಿತು. ನನ್ನ ಹೆಂಡತಿಗೆ ಆ ಈಲಿಯ ವಾಸನೆ ಆಗದು.

"ಅವ್ವ ಮನೇಲೇ ಇರ್ತಾಳಲ್ಲ ಸಾರ್, ಸಾಕು ಬಿಡಿ," ಅಂದೆ.

"ಇರ್ತಾರ್ರಿ. ಆದ್ರೂ..." ಎಂದು ಅವರು ನಿಲ್ಲಿಸಿದರು. ಅವ್ವನ ಎದುರಿಗೆ ಮುಂದಿನ ಮಾತು ಆಡಲಾರದೆ ನಿಲ್ಲಿಸಿದರೆಂದು ನನಗೆ ಆಗ ಹೊಳೆಯಲಿಲ್ಲ.

ಅವ್ವ ನಕ್ಕಳು. "ಇರ್ಲಿ ಬಿಡಪ್ಪಾ. ನನ್ ಮಾತ್ ಕೇಳೋ ಪ್ರಾಣಿ ಈ ಮನೇಲಿ ಒಂದಾರಾ ಇರ್ಲಿ."

ಎಲ್ಲರೂ ನಕ್ಕೆವು. ಅಲ್ಲಿಗೆ ಪಾಠ ನಿಂತಿತು.

ಅದರಿಂದ ನಾಯಿ ಬದುಕಿತು, ಅದನ್ನೂ ಹೇಳಬೇಕು. ಕೆಲವು ತಿಂಗಳಾದ ಮೇಲೆ ಮತ್ತೆ ಬೀದಿಯಲ್ಲಿ ವಿಷದ ತುಂಡು ಬಿತ್ತು. ಹಾಲು ತರಲು ಹೋಗಿದ್ದ ಅವ್ವನ ಜೊತೆಯಲ್ಲಿದ್ದ ನಾಯಿ ಅದರ ಮುಂದೆ ನಿಂತು, ಮೂಸಿ, ಕೂತು, ತಲೆ ಎತ್ತಿ ಅವಳ ಮುಖ ನೋಡಿತಂತೆ. "ಬಿಡು" ಎಂದಳಂತೆ, ಬಿಟ್ಟಿತಂತೆ. ಅವತ್ತು ಮನೆಗೆ ಬಂದು ಎರಡು ಮೊಟ್ಟೆ ಬೇಯಿಸಿ ಹಾಕಿದಳು. ಬೀದಿಯಲ್ಲಿ ಮೂರು ಹೆಣ ಬಿದ್ದವು.

ಆಮೇಲೆ ಅದು ನಮಗೆ ಹೆಮ್ಮೆಯಾಯಿತು. ನೆಂಟರು ಬಂದರೆ ನಾನು ಅದರ ಮುಂದೆ ಬಾಡಿನ ತುಂಡು ಇಟ್ಟು, ಫೋನಿನಲ್ಲಿ ಸಮಯ ನೋಡುತ್ತಾ, ಐದು ನಿಮಿಷ, ಹತ್ತು ನಿಮಿಷ ಕೂರಿಸುತ್ತಿದ್ದೆ. ಜೊಲ್ಲು ನೆಲಕ್ಕೆ ಇಳಿಯುತ್ತಿತ್ತು. ಅವ್ವ ಒಳಗಿನಿಂದ ಬೈಯುತ್ತಿದ್ದಳು: "ಸಾಕ್ ನಿಲ್ಸೋ, ಅದ್ರ ಒಟ್ಟೆ ಉರಿಸ್ಬ್ಯಾಡ." ಬಂದು ಮಾತು ಹೇಳುತ್ತಿದ್ದಳು, ಅದು ಉಣ್ಣುತ್ತಿತ್ತು.

ಮೂರು ವರ್ಷ ಹೀಗೇ ನಡೆಯಿತು. ಅವಳು ಒಂದು ದಿನವೂ ಮನೆ ಬಿಟ್ಟು ಮಲಗಿದವಳಲ್ಲ. ಒಂದು ಬೆಳಿಗ್ಗೆ ಉಸಿರು ಎಳೆಯಲಾಗದೆ ಗೋಡೆ ಹಿಡಿದು ಕೂತಳು. ಆಸ್ಪತ್ರೆಗೆ ಸೇರಿಸಿದೆವು. ಸಂಜೆ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಿದ್ದರು.

ಎರಡನೆಯ ಸಂಜೆ ನಾನು ಹೋದಾಗ ಮೂಗು ಬಾಯಿಗೆ ಗಾಳಿಯ ಮಾಸ್ಕ್ ಹಾಕಿದ್ದರು. ಅದನ್ನು ಎರಡು ಬೆರಳಿನಿಂದ ಕೆಳಗೆ ಎಳೆದು ಅವಳು ಕೇಳಿದ ಮೊದಲ ಮಾತು ಇದು:

"ಉಂಡ್ತೇನ್ಲಾ ಅದು?"

ಅದು ಉಂಡಿರಲಿಲ್ಲ. ಎರಡು ದಿನದಿಂದ ಮುದ್ದೆಯ ತಟ್ಟೆಯ ಮುಂದೆ ಕೂತು ಗೇಟನ್ನು ನೋಡುತ್ತಿತ್ತು. ನಾನು ಹೇಳಿದರೂ ಇಲ್ಲ, ನನ್ನ ಹೆಂಡತಿ ಹೇಳಿದರೂ ಇಲ್ಲ.

"ಉಂಡ್ತು ಕಣವ್ವ. ತಟ್ಟೆ ನೆಕ್ಬಿಡ್ತು."

"ಯಾರ್ ಯೋಳುದ್ರು?"

"ನಾನೇ."

ಅವಳು ನನ್ನನ್ನೇ ನೋಡಿದಳು. "ಸದ್ಯ. ನಿನ್ ಮಾತೂ ಕೇಳ್ತದಲ್ಲ," ಎಂದು ಮಾಸ್ಕ್ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದಳು.

ಆಗ ನನ್ನ ಅಂಗಿಯ ಜೇಬಿನಲ್ಲಿ ಫೋನ್ ಇತ್ತು. ನಿಜ ಹೇಳಿ, ರೆಕಾರ್ಡಿಗೆ ಹಾಕಿ ಅದನ್ನು ಅವಳ ಬಾಯಿಯ ಹತ್ತಿರ ಹಿಡಿದಿದ್ದರೆ ಆ ಎರಡು ಪದ ಹೇಳುತ್ತಿದ್ದಳು. ಅದಕ್ಕೆ ಬೇಕಾದಷ್ಟು ಉಸಿರು ಅವಳಲ್ಲಿತ್ತು, ನನ್ನೊಡನೆ ಅದಕ್ಕಿಂತ ಹೆಚ್ಚು ಮಾತಾಡಿದ್ದಳಲ್ಲ. ಅವಳಿಗೆ ಚಿಂತೆ ಆಗಬಾರದೆಂದು ಸುಳ್ಳು ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಾನು ಮೂರು ದಿನಕ್ಕೇ ಪಾಠ ಬಿಟ್ಟದ್ದರ ಫಲವನ್ನು ಅವಳೆದುರು ಒಪ್ಪಿಕೊಳ್ಳುವುದು ಬೇಡವಿತ್ತು, ಅದೂ ನಿಜ. ಮರುದಿನ ಬೆಳಿಗ್ಗೆ ಅವಳ ಗಂಟಲಿಗೆ ನಳಿಕೆ ಇಳಿಸಿದರು. ನಾಲ್ಕನೆಯ ದಿನ ಹೋದಳು.

ಮಣ್ಣು ಮಾಡಿ ಬಂದ ಮರುದಿನ, ನಾಯಿಗೆ ಪಾಠ ಹೇಳಿದ ಹಿಂದಿನ ರಸ್ತೆಯವರು ಬಂದರು. ತಾನು ಅಂದೇ ಹೇಳಿದ್ದೆನೆಂಬ ಮಾತು ಅವರ ಬಾಯಿಂದ ಬರಲಿಲ್ಲ. ನಾಯಿಯ ಪಕ್ಕೆಲುಬು ಸವರಿ, "ನೀರ ಕುಡೀತೈತೇನ್ರಿ?" ಎಂದರು. ನೀರಿಗೆ ನಾವು ಅಪ್ಪಣೆ ಕಲಿಸಿರಲಿಲ್ಲ, ಹಾಗಾಗಿ ಕುಡಿಯುತ್ತಿತ್ತು.

"ಫೋನಿನ್ಯಾಗ ಅವ್ವಾರ ದನಿ ಐತೇನು, ನೋಡ್ರಿ."

ಹುಡುಕಿದೆ. ಎಷ್ಟೊಂದು ಫೋಟೋಗಳಿದ್ದವು, ಎಲ್ಲದರಲ್ಲೂ ಬಾಯಿ ಮುಚ್ಚಿಕೊಂಡು ನೆಟ್ಟಗೆ ನಿಂತಿದ್ದಳು. ಒಂದೇ ಒಂದು ವಿಡಿಯೋದಲ್ಲಿ, "ಯಾಕ್ಲಾ ತೆಗೀತೀಯಾ, ಸಾಕು" ಅನ್ನುತ್ತಾಳೆ. ಹಾಕಿದೆ. ನಾಯಿ ಚಂಗನೆ ಎದ್ದು ಅಡುಗೆಮನೆಗೆ ಓಡಿತು, ಬಚ್ಚಲಿಗೆ ಓಡಿತು, ಹಿತ್ತಿಲಿಗೆ, ಅವಳ ಮಂಚದ ಕೆಳಗೆ. ತಿರುಗಿ ಬಂದು ನನ್ನ ಕೈಯಲ್ಲಿದ್ದ ಫೋನನ್ನು ಮೂಸಿ ಮಲಗಿತು. ಅದನ್ನು ಮತ್ತೆ ಹಾಕಲಿಲ್ಲ.

ಡಾಕ್ಟರು ದಿನ ಬಿಟ್ಟು ದಿನ ಡ್ರಿಪ್ ಹಾಕಿದರು. ಸೂಜಿ ಇಲ್ಲದ ಸಿರಿಂಜಿನಲ್ಲಿ ಗಂಜಿ ಬಿಟ್ಟರೆ ಅರ್ಧ ಬಾಯಿಯ ಪಕ್ಕದಿಂದ ಇಳಿದುಹೋಗುತ್ತಿತ್ತು. ಹೀಗೆ ಎಷ್ಟು ದಿನ ಎಂದು ಕೇಳಿದ್ದಕ್ಕೆ, ಹೆಚ್ಚು ದಿನ ಇಲ್ಲ ಎಂದರು.

ಹನ್ನೊಂದನೆಯ ದಿನ ತಿಥಿ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಎಡೆ ಇಟ್ಟು, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ನಿಲ್ಲುವುದು ನಮ್ಮಲ್ಲಿನ ಪದ್ಧತಿ. ನೋಡುವವರಿದ್ದರೆ ಸತ್ತವರು ಉಣ್ಣಲು ಸಂಕೋಚಪಡುತ್ತಾರೆ ಅನ್ನುತ್ತಾರೆ. ಅವ್ವನ ಫೋಟೋದ ಮುಂದೆ ಮುದ್ದೆ, ಬಾಡಿನ ಸಾರು, ಕಜ್ಜಾಯ, ಎಲೆ ಅಡಿಕೆ ಇಟ್ಟೆವು. ಜಕ್ಕೂರಿನಿಂದ ಬಂದಿದ್ದ ನನ್ನ ಸೋದರಮಾವ, ಅವ್ವನ ಅಣ್ಣ, ಬಾಗಿಲು ಎಳೆದುಕೊಂಡರು. ಅಂಗಳದಲ್ಲಿ ನಿಂತೆವು. ವಾಯುಸೇನೆಯ ವಿಮಾನವೊಂದು ತಲೆಯ ಮೇಲೆ ಹಾದುಹೋಗಿ, ಸದ್ದು ಅಡಗಿದ ಮೇಲೆ ಅವರೇ ಮೂರು ಸಲ ಬಾಗಿಲು ತಟ್ಟಿ ತೆಗೆದರು.

ನಾಯಿ ಒಳಗಿತ್ತು. ಮಂಚದ ಕೆಳಗೆ ಮಲಗಿದ್ದದ್ದನ್ನು ಯಾರೂ ನೋಡಿರಲಿಲ್ಲ.

"ಯಾರ್ಲಾ ಅದುನ್ನ ಒಳೀಕ್ ಬಿಟ್ಟೋನು?" ಎಂದು ಮಾವ ಕೋಲಿಗೆ ಕೈ ಹಾಕಿದವರು ಹಾಗೇ ನಿಂತರು. ಎಲೆಯಲ್ಲಿ ಒಂದು ಚೂರೂ ಅಲುಗಿರಲಿಲ್ಲ. ನಾಯಿ ಎಲೆಯ ಮುಂದೆ ನೆಟ್ಟಗೆ ಕೂತಿತ್ತು. ಮುಂಗಾಲು ನಡುಗುತ್ತಿದ್ದವು. ಬಾಡಿನ ವಾಸನೆಗೆ ಇಳಿದ ಜೊಲ್ಲು ಕೆಂಪು ಗಾರೆಯ ನೆಲದ ಮೇಲೆ ಅಂಗೈಯಗಲ ನಿಂತಿತ್ತು.

"ಮುಟ್ಟಿಲ್ವಲ್ಲೋ," ಎಂದರು ಮಾವ. "ಯೋಳೋ, ಉಣ್ಣು ಅಂತ ಯೋಳು."

ನಾನು ಮಂಡಿಯೂರಿ ಕೂತು ಹೇಳಿದೆ. ಅವ್ವನ ಹಾಗೇ ಎಳೆದು ಹೇಳಿದೆ. ನಾಯಿ ನನ್ನ ಮುಖ ನೋಡಿತು, ಆಮೇಲೆ ನನ್ನ ಹಿಂದಿದ್ದ ಬಾಗಿಲನ್ನು ನೋಡಿತು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು.

ಸಂಜೆ ಹಿಂದಿನ ರಸ್ತೆಯವರಿಗೆ ಇದನ್ನು ಹೇಳಿದೆ.

"ಒಂದ ದಾರಿ ಐತ್ರಿ. ಅಪ್ಪಣಿ ಕೊಡೂದ ಬಿಟ್ಟಬಿಡ್ರಿ. ಕಳವು ಕಲಸ್ರಿ."

"ಕಳವು ಅಂದ್ರೆ?"

"ನಿಮ್ಮ ಎಡಿ ಇಟ್ಟಂಗ. ಬೋಗಾಣಿ ಅರ್ಧ ಮುಚ್ಚಿ ಇಡ್ರಿ, ಬಾಗಲಾ ಹಾಕ್ರಿ, ಕಿಡಕ್ಯಾಗೂ ಇಣಕಬ್ಯಾಡ್ರಿ. ನೋಡವ್ರ ಇಲ್ಲ ಅಂತ ಗೊತ್ತಾದ್ರ ಹಸಿವಿ ಗೆಲ್ಲಬಹುದು. ಗೆದ್ದಮ್ಯಾಲ ಇದು ಮೊದಲಿನ ನಾಯಿ ಆಗೂದಿಲ್ಲ, ಮತ್ತ." ಹೊರಡುತ್ತ ಸೇರಿಸಿದರು: "ನೌಕರಿ ತುಂಬಾ ಕಳವು ಮಾಡಬ್ಯಾಡ ಅಂತ ಕಲಸಿದಾಂವ ನಾ."

ಮೊದಲ ದಿನ ಬೋಗಾಣಿಯಲ್ಲಿಟ್ಟ ಮುದ್ದೆ ಹಾಗೇ ಇತ್ತು. ಎರಡನೆಯ ದಿನ ಮುಚ್ಚಳ ಸರಿದಿತ್ತು, ಅಷ್ಟೆ. ಮೂರನೆಯ ದಿನ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಾಗ ಒಳಗೆ ಬೋಗಾಣಿ ನೆಲಕ್ಕೆ ಕೆರೆಯುವ ಸದ್ದು ಕೇಳಿತು. ನನ್ನ ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಸದ್ದು ನಿಂತ ಮೇಲೆ ಬಾಗಿಲು ತೆಗೆದೆ. ಬೋಗಾಣಿ ಖಾಲಿ. ನಾಯಿ ಮೂಲೆಯ ಗೋಡೆಗೆ ಒತ್ತಿಕೊಂಡು, ಬಾಲ ಒಳಗೆ ಎಳೆದುಕೊಂಡು, ನನ್ನನ್ನು ಕಂಡದ್ದೇ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಸಮಾಧಾನ ಮಾಡಲು ಹತ್ತಿರ ಹೋದರೆ ಇನ್ನೂ ಮುದುರಿತು. ನಾನೇ ನೆಲ ಒರೆಸಿ ಹೊರಗೆ ಬಂದೆ.

ಈಗ ವರ್ಷವಾಗುತ್ತ ಬಂತು. ಮೈ ತುಂಬಿಕೊಂಡಿದೆ, ನೋಡಿದವರು ಚೆನ್ನಾಗಿದೆ ಅನ್ನುತ್ತಾರೆ. ಯಾರು ಕೂರು ಎಂದರೂ ಕೂರುವುದಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ. ಹಾದಿಯಲ್ಲಿ ಏನು ಸಿಕ್ಕರೂ ಬಾಯಿಗೆ ಹಾಕುತ್ತದೆ, ಹಾಗಾಗಿ ಗೇಟು ದಾಟುವ ಮುಂಚೆ ಮೂತಿಗೆ ಜಾಲರಿ ಕಟ್ಟುತ್ತೇನೆ. ಹೋದ ತಿಂಗಳು ಕೆರೆಯ ಏರಿಯ ಹತ್ತಿರ ಮತ್ತೆ ಎರಡು ನಾಯಿ ಸತ್ತಿದ್ದವು.

ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಅವ್ವನ ಕೋಣೆಯಲ್ಲಿ ಬೋಗಾಣಿ ಇಟ್ಟು, ಬಾಗಿಲು ಹಾಕಿ, ಹೊರಗೆ ನಿಲ್ಲುತ್ತೇನೆ. ಒಳಗೆ ಕೆರೆಯುವ ಸದ್ದು ಕೇಳುತ್ತದೆ. ಅಡುಗೆಮನೆಯಿಂದ ನನ್ನ ಹೆಂಡತಿ, "ಏನ್ರೀ, ಉಂಡ್ತಾ ಅದು?" ಅನ್ನುತ್ತಾಳೆ.

ಸದ್ದು ಕೇಳಿದ್ದರೂ ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಬಾಗಿಲು ತೆಗೆದು, ಬೋಗಾಣಿ ಎತ್ತಿ, ತಳ ನೋಡಿದ ಮೇಲೆ ಹೇಳುತ್ತೇನೆ.