ಹದಿನೆಂಟನೆಯವನು

ಆರ್ಡಿಸ್ ಟಾಲೆಫ್ಸನ್ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅವಳ ಬಗ್ಗೆ ಪೇಪರಿನವರು ಬರೆದದ್ದು ಸುಳ್ಳು.

ಅಯೋವಾದ ನಮ್ಮೂರ ಶಾಲೆಯಲ್ಲಿ ಅವಳು ಮೂವತ್ತೊಂದು ವರ್ಷ ಅಡುಗೆ ಮಾಡಿದಳು. ಅದೇ ಶಾಲೆಯಲ್ಲಿ ನೆಲ ಒರೆಸಿ, ಬಾಯ್ಲರ್ ನೋಡಿಕೊಂಡು, ಕುರ್ಚಿ ಜೋಡಿಸಿಕೊಂಡು ಇದ್ದವನು ನಾನು, ಲೈಲ್. ಗುರುವಾರ ಅವಳು ಮಾಡುತ್ತಿದ್ದ ಚಿಲಿ ಸಾರು, ಸಿಹಿ ಬನ್ನಿನಂಥ ದಾಲ್ಚಿನ್ನಿ ರೋಲಿನ ಘಮಕ್ಕೆ ಎರಡನೆಯ ಪೀರಿಯಡ್ಡಿಗೇ ಮಕ್ಕಳು ಗಡಿಯಾರ ನೋಡಲು ಶುರು ಮಾಡುತ್ತಿದ್ದರು. ಯಾವ ಮಗು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದಿದೆ ಎಂದು ಅವಳಿಗೆ ಮುಖ ನೋಡಿದರೆ ತಿಳಿಯುತ್ತಿತ್ತು. ಅಂಥ ಮಗುವಿನ ತಟ್ಟೆಗೆ ಎರಡು ರೋಲ್ ಬೀಳುತ್ತಿದ್ದವು. ಮೇಲಿನವರು ಕೇಳಿದರೆ "ಕೈ ತಪ್ಪಿ ಬಿತ್ತು" ಎನ್ನುತ್ತಿದ್ದಳು. ಮೂವತ್ತೊಂದು ವರ್ಷ ಆ ಕೈ ತಪ್ಪುತ್ತಲೇ ಇತ್ತು, ಮಾತು ಮಾತ್ರ ಒಮ್ಮೆಯೂ ತಪ್ಪಲಿಲ್ಲ. ನನ್ನ ಹೆಂಡತಿ ಜಾಯ್ಸ್ ಹಾಸಿಗೆ ಹಿಡಿದಿದ್ದ ಐದು ತಿಂಗಳು, "ಮಂಗಳವಾರದ ಊಟ ನಂದು" ಎಂದಿದ್ದವಳು ಒಂದು ಮಂಗಳವಾರವನ್ನೂ ಬಿಡಲಿಲ್ಲ, ಹಿಮ ಮೊಣಕಾಲುದ್ದ ಬಿದ್ದಿದ್ದ ದಿನವೂ.

ಅವಳು ರಾಜಕೀಯ ಹಚ್ಚಿಕೊಂಡಿದ್ದು ನಿವೃತ್ತಿಯಾದ ಮೇಲೆ. ಅಧ್ಯಕ್ಷ ಚುನಾವಣೆಗೆ ಪಕ್ಷ ತಮ್ಮನ್ನೇ ನಿಲ್ಲಿಸಬೇಕೆಂದು ಏಳು ಮಂದಿ ನಮ್ಮ ರಾಜ್ಯವಿಡೀ ಸುತ್ತುತ್ತಿದ್ದ ವರ್ಷ ಅದು. ಎಲ್ಲ ರಾಜ್ಯಗಳಲ್ಲಿ ಆರಿಸುವ ಮೊದಲ ಸರದಿ ನಮ್ಮದು, ಹಾಗಾಗಿ ನಾಲ್ಕು ವರ್ಷಕ್ಕೊಮ್ಮೆ ನಮಗೆ ಬೀಗರ ಮರ್ಯಾದೆ. ಏಳು ಜನರಲ್ಲಿ ಒಬ್ಬ ಟೆರೆನ್ಸ್ ಕೀಫ್, ಬೇರೆ ರಾಜ್ಯದ ಮಾಜಿ ಗವರ್ನರ್. ಜೋಳದ ಗೋದಾಮಿನ ಹತ್ತಿರ ಆತ ಮಾತಾಡುವಾಗ ಆರ್ಡಿಸ್ ಶಾಲೆಯ ಊಟದ ಹಾಲಿನ ವಿಷಯ ಏನೋ ಕೇಳಿದಳು. "ನಂಗೊತ್ತಿಲ್ಲಮ್ಮ, ತಿಳ್ಕೊಂಡು ಹೇಳ್ತೀನಿ," ಎಂದ. ನಾವೆಲ್ಲ ನಕ್ಕೆವು. ನಾಲ್ಕನೆಯ ದಿನ ಅವಳ ಅಡುಗೆಮನೆಯ ಫೋನ್ ಬಡಿದುಕೊಂಡಿತು. ಆತನೇ, ಉತ್ತರ ಸಮೇತ.

"ಹೇಳಿದ ಹಾಗೆ ಮಾಡ್ದ ಕಣೋ ಲೈಲ್," ಎಂದಳು ನನ್ನ ಹತ್ತಿರ. ಅವಳಿಗೆ ಅಷ್ಟು ಸಾಕಾಗಿತ್ತು.

ಅಲ್ಲಿಂದ ಅವಳನ್ನು ಹಿಡಿಯುವವರಿರಲಿಲ್ಲ. ಬೆಂಬಲದ ಕಾರ್ಡುಗಳನ್ನು ಹಿಡಿದು ಮನೆಮನೆ ತಿರುಗಿದಳು. ಕಾರ್ಡಿನಲ್ಲಿ ಹೆಸರು, ಸಹಿ, ಕೆಳಗೆ 'ಏಕೆ?' ಎಂದು ಒಂದು ಗೆರೆ. ಬೇರೆ ಕಾರ್ಯಕರ್ತರು ಆ ಗೆರೆಯನ್ನು ಖಾಲಿ ಬಿಡುತ್ತಿದ್ದರು. ಇವಳು ಅದನ್ನು ತುಂಬಿಸದೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ನಾನು ಬರೆದೆ: 'ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾನೆ.'

"ಸಹಿ ಹಾಕಿದ್ಮೇಲೆ ಆರಿಸೋ ದಿನ ಬರ್ಬೇಕು ಮತ್ತೆ."

"ಅಯ್ಯೋ, ನನ್ನ ಬಾಯಿ ಮಾತು ಸಾಲ್ದೇನೆ ನಿಂಗೆ?"

"ಸಾಕಪ್ಪ," ಎಂದು ನಕ್ಕಳು. ಅವಳದೂ ಸೇರಿ ಮೂವತ್ನಾಲ್ಕು ಕಾರ್ಡುಗಳಾದವು.

ಡಿಸೆಂಬರಿನಲ್ಲಿ ಕೀಫ್ ನಮ್ಮ ಶಾಲೆಯ ಆಟದ ಹಾಲಿಗೆ ಬಂದ. ನೂರೈವತ್ತು ಕುರ್ಚಿ ಹಾಕಿದವನು ನಾನೇ. ಮಧ್ಯಾಹ್ನ ಪಟ್ಟಣದಿಂದ ಪೇಪರಿನವನೊಬ್ಬ ಬಂದು ಆರ್ಡಿಸಳ ಅಡುಗೆಮನೆಯಲ್ಲಿ ಎರಡು ಗಂಟೆ ಕೂತ. ರೋಲ್ ತಿಂದು, "ಅಮ್ಮಾ, ಇಂಥದ್ದು ನಾನು ಜನ್ಮದಲ್ಲಿ ತಿಂದಿಲ್ಲ" ಎಂದ. ಸಭೆ ಆರು ಗಂಟೆಗೆ. ಇವನು ಐದೂಕಾಲಿಗೇ ಹಾಲಿಗೆ ಬಂದು, ಮುಂದಿನ ಸಾಲಿನಲ್ಲಿ ಕೂತಿದ್ದ ಅವಳ ಫೋಟೋ ತೆಗೆದು ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡ.

"ಇಷ್ಟು ಬೇಗ ಹೊರಟ್ರಾ ಸಾರ್?" ಎಂದೆ.

"ರಸ್ತೆ ಜಾರ್ತಾ ಇದೆಯಲ್ಲ," ಎಂದ. ಅವನು ಹೋಗಿದ್ದು ಪಟ್ಟಣದಲ್ಲಿದ್ದ ವಿಟ್ಲಾಕ್‌ನ ಸಭೆಗೆ. ವಿಟ್ಲಾಕ್ ಎಂದರೆ ಆ ಏಳು ಜನರಲ್ಲಿ ಇನ್ನೊಬ್ಬ, ಎಲ್ಲ ಚಾನೆಲ್ಲುಗಳ ಮುದ್ದಿನ ಮಗ. ಇಲ್ಲಿ ಆರು ಗಂಟೆಗೆ ಹಾಲ್ ತುಂಬಿ, ಸಂಗೀತದ ಕೋಣೆಯಿಂದ ಇನ್ನೂ ಇಪ್ಪತ್ತು ಕುರ್ಚಿ ಹೊತ್ತು ತಂದೆ.

ಭಾನುವಾರದ ಪೇಪರಿನಲ್ಲಿ ಖಾಲಿ ಕುರ್ಚಿಗಳ ನಡುವೆ ಆರ್ಡಿಸ್ ಒಬ್ಬಳೇ. ಕೆಳಗೆ: 'ಕೀಫ್ ಒಳ್ಳೆಯ ಮನುಷ್ಯ, ಆದರೆ ಗೆಲ್ಲುವ ಕುದುರೆಯಲ್ಲ.' ಅವಳು ಅದನ್ನು ಓದಿ, "ಮೂರು ರೋಲ್ ತಿಂದ ಲೈಲ್, ಮೂರು," ಎಂದಳು.

ಆಮೇಲೆ ಟೀವಿಯವರು ಅದೇ ಮಾತನ್ನು ಬೆಳಿಗ್ಗೆ ಸಂಜೆ ಅಗಿದರು. ವಿಟ್ಲಾಕ್‌ನನ್ನು ದಿನಾ ತೋರಿಸುತ್ತಿದ್ದರು. ಕೀಫ್‌ನ ಹೆಸರು ಬಂದರೆ ಸುದ್ದಿ ಓದುವವಳು ಅಯ್ಯೋ ಪಾಪ ಎಂಬಂತೆ ನಗುತ್ತಿದ್ದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಪ್ರತ್ಯಕ್ಷ ಕಂಡಿದ್ದೆ. ಪ್ರಮಾಣ ಬೇಕೆಂದರೆ ಇಪ್ಪತ್ತು ಕುರ್ಚಿ ಹೊತ್ತ ನನ್ನ ಸೊಂಟ ಮೂರು ದಿನ ನೋಯುತ್ತಿತ್ತು. ಆದರೂ ಮೂರನೆಯ ವಾರಕ್ಕೆ ಕಾಫಿ ಅಂಗಡಿಯಲ್ಲಿ ನಾನೇ ಹೇಳುತ್ತಿದ್ದೆ: "ಮನುಷ್ಯ ಒಳ್ಳೆಯೋನೇ, ಆದ್ರೆ ಗೆಲ್ಲಲ್ಲ ಬಿಡ್ರಪ್ಪ." ಸುತ್ತ ಕೂತವರು ಹೌದೆಂದು ತಲೆಯಾಡಿಸುತ್ತಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನ ಕೀಫ್‌ನ ಕಾರ್ಡಿಗೆ ಸಹಿ ಹಾಕಿದವರೇ.

ಜನವರಿಯ ಆಯ್ಕೆಯ ಸಂಜೆ ಬಂತು, ಅದೇ ಆಟದ ಹಾಲಿನಲ್ಲಿ. ನಮ್ಮ ಪಕ್ಷದ ಆ ಸಭೆಯಲ್ಲಿ ಗುಟ್ಟಿನ ಓಟು ಇಲ್ಲ. ನಿಮಗೆ ಬೇಕಾದವನ ಹೆಸರು ಹಚ್ಚಿರುವ ಮೂಲೆಗೆ ನೆಂಟರು, ನೆರೆಯವರ ಕಣ್ಣೆದುರೇ ನಡೆದು ಹೋಗಿ ನಿಲ್ಲಬೇಕು. ಬಂದವರಲ್ಲಿ ನೂರಕ್ಕೆ ಹದಿನೈದರಷ್ಟಾದರೂ ನಿಲ್ಲದಿದ್ದರೆ ಆ ಗುಂಪು ಲೆಕ್ಕಕ್ಕಿಲ್ಲ, ಒಡೆದುಹೋಗಬೇಕು. ಅದಕ್ಕೆ ಮುಂಚೆ ಅರ್ಧ ಗಂಟೆ ಬಿಡುವು. ಯಾರು ಬೇಕಾದರೂ ಯಾರನ್ನು ಬೇಕಾದರೂ ಕರೆಯಬಹುದು, ಮನಸ್ಸು ಬದಲಾದರೆ ಮೂಲೆ ಬದಲಾಯಿಸಬಹುದು.

ಆರ್ಡಿಸ್ ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಮೇಜು ಹಾಕಿ ಮೂವತ್ನಾಲ್ಕು ರೋಲ್ ಇಟ್ಟುಕೊಂಡು ನಿಂತಿದ್ದಳು. ಎದುರಿನ ವಿಟ್ಲಾಕ್ ಮೂಲೆಯಲ್ಲಿ ಗದ್ದಲವೋ ಗದ್ದಲ. ನಾನು ಕೋಟು ಬಿಚ್ಚಿ ಮೊಳೆಗೆ ಹಾಕಿ, ಅವಳ ಕಡೆ ನೋಡದೆ, ಗದ್ದಲದ ಕಡೆ ನಡೆದೆ.

ಸಭೆ ನಡೆಸುತ್ತಿದ್ದವನು ಔಷಧಿ ಅಂಗಡಿಯ ಡ್ವೇನ್. "ಒಟ್ಟು ನೂರಾ ಇಪ್ಪತ್ತು ಜನ. ಹದಿನೆಂಟು ತಲೆ ಬೇಕು," ಎಂದ. ಒಂದೊಂದೇ ಮೂಲೆ ಎಣಿಸುತ್ತಾ ಬಂದು, "ಕೀಫ್ ಕಡೆ... ಹದಿನೇಳು," ಎಂದ.

ಕಾರ್ಡು ಕೊಟ್ಟವರಲ್ಲಿ ಹನ್ನೊಂದು ಜನ ಮನೆ ಬಿಟ್ಟು ಹೊರಟೇ ಇರಲಿಲ್ಲ. ಹೇಗೂ ಸೋಲುವವನಿಗೆ ಈ ಚಳಿಯಲ್ಲಿ ಯಾಕೆ ಎಂದು. ಆರು ಜನ ಬಂದು ವಿಟ್ಲಾಕ್ ಕಡೆ ನಿಂತಿದ್ದೆವು. ಆರ್ಡಿಸ್ ಉಳಿದ ಐವರ ಕಡೆ ತಿರುಗಿಯೂ ನೋಡಲಿಲ್ಲ. ನಾನು ವರ್ಷಗಟ್ಟಲೆ ಉಜ್ಜಿದ ಆ ನೆಲದ ಮೇಲೆ ನೇರ ನನ್ನ ಹತ್ತಿರ ನಡೆದು ಬಂದಳು.

"ಒಬ್ರು ಸಾಕು ಲೈಲ್."

"ಮನುಷ್ಯ ಒಳ್ಳೆಯೋನು ಅಂತ ನಂಗೂ ಗೊತ್ತು ಕಣೆ. ಆದ್ರೆ ಗೆಲ್ಲಲ್ಲ ಅಂತ ಎಲ್ರೂ ಹೇಳ್ತಿದಾರೆ."

"ಎಲ್ರೂ ಅಂದ್ರೆ ಯಾರು?"

ನಾನು ಸುತ್ತ ನಿಂತವರ ಕಡೆ ನೋಡಿದೆ.

"ಆವತ್ತು ಇಲ್ಲಿ ಕುರ್ಚಿ ಹಾಕಿದ್ಯಾರು?"

"ನಾನೇ."

"ಖಾಲಿ ಇದ್ವಾ?"

"ಇರ್ಲಿಲ್ಲ."

"ಮತ್ತೆ?"

ಹಿಂದಿನಿಂದ ಯಾರೋ ಕೂಗಿದರು: "ಸೋಲೋ ಕುದುರೆಗೆ ಎಷ್ಟು ಹುಲ್ಲು ಹಾಕ್ತೀಯಮ್ಮ ಆರ್ಡಿಸ್? ನೀನೇ ಈ ಕಡೆ ಬಂದ್ಬಿಡು, ರೋಲ್ ಸಮೇತ!" ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕೆ. ಅದೊಂದಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಅವಳು ತನ್ನ ಮೂಲೆಗೆ ಹೋಗಿ ನಿಂತಳು. ಗೋಡೆ ಗಡಿಯಾರದಲ್ಲಿ ಅರ್ಧ ಗಂಟೆ ಕಳೆಯಿತು. ನಡುವೆ ಇದ್ದದ್ದು ಮೂವತ್ತು ಹೆಜ್ಜೆ. ನನ್ನ ಕಾಲು ಏಳಲಿಲ್ಲ. ಡ್ವೇನ್ ಗಂಟೆ ಬಾರಿಸಿದ, ಗುಂಪು ಒಡೆಯಿತು. ಆರ್ಡಿಸ್ ಯಾವ ಮೂಲೆಗೂ ಹೋಗಲಿಲ್ಲ. ರೋಲುಗಳನ್ನು ಅಲ್ಲೇ ಬಿಟ್ಟು, ಕೋಟು ಹಾಕಿಕೊಂಡು ಹೊರಟುಹೋದಳು. ನಾವು ಅವನ್ನೂ ಹಂಚಿಕೊಂಡು ತಿಂದೆವು.

ಮರುದಿನ ಬೆಳಿಗ್ಗೆ ಅವಳು ಹದಿನೇಳು ಮನೆಗಳ ಬಾಗಿಲು ತಟ್ಟಿದಳು. ನನ್ನದನ್ನೂ. ಒಳಗೆ ಬಾ ಎಂದೆ, ಬರಲಿಲ್ಲ. ನನ್ನ ಕಾರ್ಡನ್ನು ಮುಂದೆ ಹಿಡಿದಳು.

"ಇಟ್ಕೋ. ನಿಂಗೆ ಯಾರು ಬೇಕಾಗಿತ್ತು ಅನ್ನೋದು ಮರ್ತೋದ್ರೆ ನೋಡ್ಕೊಳಕ್ಕಾಗುತ್ತೆ."

ಆ ರಾತ್ರಿ ರಾಜ್ಯದಲ್ಲಿ ಎಷ್ಟು ಊರುಗಳಲ್ಲಿ ಎಷ್ಟು ಹದಿನೆಂಟನೆಯವರು ನನ್ನ ಹಾಗೆ ನಿಂತಿದ್ದರೋ ಗೊತ್ತಿಲ್ಲ. ಕೀಫ್ ವಾರದೊಳಗೆ ಕಣದಿಂದ ಹೊರಬಿದ್ದ. ಪಕ್ಷ ವಿಟ್ಲಾಕ್‌ನನ್ನು ನಿಲ್ಲಿಸಿತು. ನವೆಂಬರಿನ ಅಧ್ಯಕ್ಷ ಚುನಾವಣೆಯಲ್ಲಿ ಆ ಗೆಲ್ಲುವ ಕುದುರೆ ಸೋತಿತು, ನಮ್ಮ ರಾಜ್ಯದಲ್ಲೂ ಸೋತಿತು. ಮುಂದಿನ ಭಾನುವಾರ ಅದೇ ಪೇಪರಿನಲ್ಲಿ ಅದೇ ಮನುಷ್ಯ ಬರೆದ: 'ಕೀಫ್ ನಿಂತಿದ್ದರೆ ಗೆಲ್ಲಬಹುದಿತ್ತು. ಮತದಾರರು ದುಡುಕಿದರು.'

ನನ್ನ ಮೈಯೆಲ್ಲ ಉರಿದುಹೋಯಿತು. ಹತ್ತು ತಿಂಗಳಿಂದ ಅವಳು ನನ್ನ ಜೊತೆ ಮಾತಾಡಿರಲಿಲ್ಲ. ಆದರೂ ಪೇಪರ್ ಹಿಡಿದು ಅವಳ ಅಡುಗೆಮನೆಗೆ ನುಗ್ಗಿದೆ.

"ನೋಡಿದ್ಯಾ ಈ ಕಳ್ಳ ನನ್ಮಗನ್ನ! ನಮ್ಗೆಲ್ಲ ಮೋಸ ಮಾಡ್ಬಿಟ್ಟ ಕಣೆ!"

ಆರ್ಡಿಸ್ ಹಿಟ್ಟಿನ ಕೈ ಒರೆಸಿಕೊಂಡು ಪೂರ್ತಿ ಓದಿದಳು. ಮಡಿಚಿ ನನ್ನ ಕೈಗೇ ಕೊಟ್ಟಳು.

"ಅವನು ನಂಗೆ ಮಾತು ಕೊಟ್ಟಿರ್ಲಿಲ್ಲ ಲೈಲ್. ಕೊಟ್ಟಿದ್ದು ನೀನು."

ಮೇಜಿನ ಮೇಲೆ ರೋಲುಗಳು ಆರುತ್ತಿದ್ದವು. ಆ ಮನೆಯಿಂದ ಯಾರೂ ಯಾವತ್ತೂ ಬರಿಗೈಲಿ ಹೋದವರಲ್ಲ. ಅವಳು ನನಗೆ ಬಾಗಿಲು ತೆರೆದು ಹಿಡಿದಳು.