ಬೆನ್ನ ಮೇಲಿನ ರಗಣ

ನಮ್ಮನೆಯವರಿಗೆ ಹ್ಯಾಮ್ ರೇಡಿಯೋ ಹುಚ್ಚು ಹಿಡಿದಾಗ ನಾವು ಭದ್ರಾವತಿಯ ಹಳೇನಗರದಲ್ಲಿ ಬಾಡಿಗೆಗಿದ್ದೆವು. ತೊಂಬತ್ತರ ದಶಕದ ಮೊದಲ ವರ್ಷಗಳು. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದರು, ನಾನು ಹೈಸ್ಕೂಲಿನಲ್ಲಿ ಕನ್ನಡ. ಮನೆಯಲ್ಲಿ ಕೂತೇ ದೇಶಾಂತರದ ಜನರ ಜೊತೆ ಮಾತಾಡಬಹುದು ಎಂದರು. ಮೊದಲು ಮನೆಯೊಳಗಿರುವವಳ ಜೊತೆ ಮಾತಾಡಿ ಎಂದೆ. ತಾರಸಿಯ ಮೇಲೆ ಆಂಟೆನಾ ಎದ್ದ ದಿನ ಎದುರುಮನೆಯ ತಮಿಳು ಅಕ್ಕ ಬಂದು, "ಇದ್ರಲ್ಲಿ ತಮಿಳು ಚಾನೆಲ್ ಬರುತ್ತಾ ಟೀಚರ್?" ಎಂದು ಕೇಳಿದರು. ಬಂದಿದ್ದರೆ ನನಗೂ ಒಂದಿಷ್ಟು ಪ್ರಯೋಜನವಾಗುತ್ತಿತ್ತು.

ಲೈಸೆನ್ಸಿನ ಪರೀಕ್ಷೆಗೆ ಮೋರ್ಸ್ ಬರಬೇಕಿತ್ತು. ಗಿಡ್ಡ ಸದ್ದು, ಉದ್ದ ಸದ್ದುಗಳನ್ನು ಸೇರಿಸಿ ಮಾಡಿದ ಅಕ್ಷರಗಳು ಅವು. ಒಬ್ಬರು ಬಜರ್ ಒತ್ತಬೇಕು, ಇನ್ನೊಬ್ಬರು ಕೇಳಿ ಬರೆಯಬೇಕು. ಒತ್ತುವವಳು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಒಂದು ಕೈಯಲ್ಲಿ ಒಗ್ಗರಣೆ ಸೌಟು, ಇನ್ನೊಂದರಲ್ಲಿ ಬಜರ್. ಎರಡೇ ದಿನದಲ್ಲಿ ನನಗೆ ಗುಟ್ಟು ತಿಳಿಯಿತು. ಇದು ನಾನು ದಿನಾ ಬೋರ್ಡಿನ ಮೇಲೆ ಬರೆಯುವ ಲಘು ಗುರುವೇ! ಛಂದಸ್ಸಿನ ಎಂಟು ಗಣಗಳೂ ಅಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರವಾಗಿ ಕೂತಿದ್ದವು. ಗುರು, ಲಘು, ಗುರು ಬಂದರೆ ನಮಗೆ ರಗಣ, ಅವರಿಗೆ 'ಕೆ'. ಹ್ಯಾಮ್‌ಗಳ ಲೆಕ್ಕದಲ್ಲಿ ಅದಕ್ಕೆ 'ನನ್ನದು ಮುಗಿಯಿತು, ಈಗ ನೀವು ಮಾತಾಡಿ' ಎಂದರ್ಥ. ನಮ್ಮನೆಯವರಿಗೆ ತಿಂಗಳುಗಟ್ಟಲೆ ಹಿಡಿದದ್ದು ನನಗೆ ವಾರದಲ್ಲಿ ಬಂತು.

"ಪರೀಕ್ಷೆಗೆ ನೀನೇ ಕೂತ್ಕೋ ಮಾರಾಯ್ತಿ" ಎಂದು ರೇಗಿದರು.

ಅಂತೂ ಪಾಸಾದರು. ಸರ್ಕಾರ ಅವರಿಗೊಂದು ಕಾಲ್ ಸೈನ್ ಕೊಟ್ಟಿತು. ಗಾಳಿಯಲ್ಲಿ ಅದೇ ಅವರ ಹೆಸರು. ಅದರ ಕೊನೆಯ ಮೂರು ಅಕ್ಷರಗಳನ್ನು ಅವರ ಖುಷಿಗಾಗಿ ನಾನು ಎಷ್ಟು ಸಲ ಒತ್ತಿದ್ದೆನೆಂದರೆ, ನಿದ್ದೆಯಲ್ಲಿ ಕೇಳಿದರೂ ಬೆರಳು ತಾನಾಗಿ ಆಡುತ್ತಿತ್ತು.

ಆಮೇಲೆ ಶಿವಮೊಗ್ಗಕ್ಕೆ ವರ್ಗವಾಗಿ, ಸವಳಂಗ ರಸ್ತೆಯಿಂದ ಒಳಗೆ, ನವುಲೆಯ ಕಡೆಗೆ ಮನೆ ಮಾಡಿದೆವು. ಹೊಸ ಶತಮಾನ ಬಂದಿತ್ತು. ಅವರ ಕಿವಿ ಮಂದವಾಗತೊಡಗಿದ್ದು ಅಲ್ಲೇ. ನಮ್ಮ ಮಾವನವರಿಗೂ ಹಾಗೇ ಆಗಿತ್ತಂತೆ. ಆದರೆ ಇವರು ಒಪ್ಪಿಕೊಳ್ಳಬೇಕಲ್ಲ! ಎಲ್ಲದಕ್ಕೂ "ಹ್ಞೂಂ" ಎನ್ನುವುದನ್ನು ಕಲಿತುಬಿಟ್ಟರು. ಸಾರಿಗೆ ಉಪ್ಪು ಸಾಕಾ ಎಂದರೂ ಹ್ಞೂಂ, ಬೇಕಾ ಎಂದರೂ ಹ್ಞೂಂ. ಡಾಕ್ಟರ ಹತ್ತಿರ ಹೋಗೋಣವೇ ಎಂದರೆ ಅದಕ್ಕೂ ಹ್ಞೂಂ, ಹೋಗಿದ್ದು ಮಾತ್ರ ಇಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಮೊದಮೊದಲು ಹಂಗಿಸುತ್ತಿದ್ದೆ. ಒಂದು ಸಂಜೆ, ರೇಡಿಯೋದ ದಿನದ ಹರಟೆಯಲ್ಲಿ ಹ್ಯಾಮ್ ಗೆಳೆಯರೊಬ್ಬರು ಒಂದೇ ಮಾತನ್ನು ಮೂರು ಸಲ ಹೇಳಿ ಸುಮ್ಮನಾದದ್ದನ್ನು ಅಡುಗೆಮನೆಯಿಂದ ಕೇಳಿಸಿಕೊಂಡೆ. ಮಾರನೆಯ ದಿನದಿಂದ ಇವರು ಆ ಸಂಜೆ ಹರಟೆಗೇ ಹೋಗಲಿಲ್ಲ. ಸೆಟ್ಟು ಕೈಕೊಟ್ಟಿದೆ ಎಂದರು. ಸೆಟ್ಟು ಕಲ್ಲುಗುಂಡಿನ ಹಾಗಿತ್ತು. ಅವರು ಮನೆಯಲ್ಲಿ ಇದ್ದುಕೊಂಡೇ ನನ್ನಿಂದ ದೂರ ಹೋಗುತ್ತಿದ್ದರು, ನನಗೆ ಭಯವಾಗಿತ್ತು. ಅವತ್ತಿನಿಂದ ಹಂಗಿಸುವುದನ್ನು ಬಿಟ್ಟೆ.

ಉಳಿದಿದ್ದ ಆಸೆ ಒಂದೇ. ಭೂಮಿಯನ್ನು ಸುತ್ತುವ ಬಾಹ್ಯಾಕಾಶ ನಿಲ್ದಾಣದಲ್ಲೂ ಹ್ಯಾಮ್ ಸೆಟ್ಟು ಇತ್ತು. ಅಲ್ಲಿರುವ ಗಗನಯಾತ್ರಿಗಳು ಬಿಡುವಾದಾಗ ಕೆಳಗಿನವರ ಕರೆಗೆ ಉತ್ತರ ಕೊಡುತ್ತಿದ್ದರು. "ಒಂದೇ ಒಂದ್ಸಲ ಅವ್ರು ನನ್ನ ಕಾಲ್ ಸೈನ್ ಕರೀಬೇಕು ಕಣೇ. ಅದಾಗ್ಲಿಲ್ಲ ಅಂದ್ರೆ ಈ ಸೆಟ್ಟು ಯಾರಿಗಾದ್ರೂ ಕೊಟ್ಬಿಡ್ತೀನಿ" ಎಂದರು. ಕೊಡುವುದು ಸೆಟ್ಟನ್ನು ಮಾತ್ರವಲ್ಲವೆಂದು ನನಗೆ ಗೊತ್ತಿತ್ತು. ಅದು ಹೋದರೆ ಇವರು ಬಾಯಿ ಬಿಡುವ ಜಾಗವೇ ಇರುತ್ತಿರಲಿಲ್ಲ.

ನಿಲ್ದಾಣ ನಮ್ಮ ಮೇಲೆ ಹಾಯುವ ಹೊತ್ತನ್ನು ನೋಡಿಕೊಂಡು ಸೆಟ್ಟನ್ನು ತಾರಸಿಗೆ ಹೊತ್ತೊಯ್ಯುತ್ತಿದ್ದರು. ಕೆಲವು ದಿನ ಅದು ತ್ಯಾವರೆಕೊಪ್ಪದ ಸಿಂಹಧಾಮದ ಕಡೆ ಎದ್ದು ಭದ್ರಾವತಿಯ ಕಡೆ ಮುಳುಗುತ್ತಿತ್ತು. ಹುಲಿ ಸಿಂಹ ನೋಡಿಕೊಂಡು ಹಳೇ ಬಾಡಿಗೆ ಮನೆಗೆ ಹೋಗುತ್ತೆ ಎಂದು ನಾನು ನಗುತ್ತಿದ್ದೆ. ಹತ್ತು ನಿಮಿಷದೊಳಗೆ ಎಲ್ಲ ಮುಗಿದು, ಇವರು ಮುಖ ಸಪ್ಪೆ ಮಾಡಿಕೊಂಡು ಇಳಿಯುತ್ತಿದ್ದರು. "ಇವತ್ತೂ ಕರೀಲಿಲ್ಲ."

ಒಂದು ಸಂಜೆ ಒಣಗಿದ ಬಟ್ಟೆ ತೆಗೆಯಲು ಮೇಲೆ ಹೋದೆ. ಇವರು ನನಗೆ ಬೆನ್ನು ಹಾಕಿ ಕೂತು, ಮಾತಾಡುವ ಗುಂಡಿ ಒತ್ತಿ ಕಾಲ್ ಸೈನ್ ಹೇಳಿ ಕರೆದು, ಗುಂಡಿ ಬಿಟ್ಟು, ಕಿವಿಯನ್ನು ಸ್ಪೀಕರಿಗೆ ಅಂಟಿಸಿದರು. ಬುಸ್ ಎನ್ನುವ ಸದ್ದಿನ ನಡುವೆ ಒಂದು ಗಂಡು ದನಿ ಬಂತು. ಆ ಮೂರು ಅಕ್ಷರ! ಸ್ಪಷ್ಟವಾಗಿ, ಬಿಡಿಬಿಡಿಯಾಗಿ. ನಾನು ನಿಂತಲ್ಲೇ ನಿಂತೆ. ಇವರೋ ತಲೆಯಾಡಿಸಿ, ಮತ್ತೆ ಗುಂಡಿ ಒತ್ತಿ, ಮೊದಲಿನಿಂದ ಕರೆಯತೊಡಗಿದರು. ಸದ್ದು ಕೇಳಿಸಿತ್ತು, ಮಾತು ತಿಳಿದಿರಲಿಲ್ಲ. ಇವರು ಗುಂಡಿ ಬಿಟ್ಟಾಗ ಮೇಲಿನವರು ಇನ್ನೊಮ್ಮೆ ಅದೇ ಅಕ್ಷರಗಳನ್ನು ಹೇಳಿದರು.

ಕೂಗಿದರೆ ಕೇಳಿಸುವುದಿಲ್ಲ. ಬಟ್ಟೆಯನ್ನೆಲ್ಲ ನೆಲಕ್ಕೆ ಹಾಕಿ ಓಡಿ, ಅವರ ಬೆನ್ನ ಮೇಲೆ ಬೆರಳಿಟ್ಟೆ. ಗಿಡ್ಡಕ್ಕೆ ಗಿಡ್ಡ, ಉದ್ದಕ್ಕೆ ಉದ್ದ. ಮೂರು ಅಕ್ಷರ ಒತ್ತಿ, ಕೊನೆಗೆ ರಗಣ ಒತ್ತಿದೆ. ಈಗ ನೀವು ಮಾತಾಡಿ.

ಅವರ ಬೆನ್ನು ನೆಟ್ಟಗಾಯಿತು. ತಿರುಗಿ ನೋಡಲಿಲ್ಲ. ಗುಂಡಿ ಒತ್ತಿ ತಮ್ಮ ಹೆಸರು, ಶಿವಮೊಗ್ಗ, ಇಂಡಿಯಾ ಎಂದು ಹೇಳಿದರು. ಮೇಲಿನವರು ಊರಿನ ಹೆಸರನ್ನು ಒಡೆದು ಒಡೆದು ಉಚ್ಚರಿಸಿ, ನಿಮ್ಮ ದನಿ ಚೆನ್ನಾಗಿ ಕೇಳಿಸುತ್ತಿದೆ, ವಂದನೆ ಎಂದರು. ಕೇಳಿಸಿತಂತೆ ಎಂದು ಬೆನ್ನಿಗೆ ಒತ್ತಿದೆ. ಆಮೇಲೆ ಬೇರೆ ಯಾವುದೋ ಊರಿನವರನ್ನು ಕರೆಯುತ್ತಾ ದನಿ ಭದ್ರಾವತಿಯ ಕಡೆ ಕರಗಿಹೋಯಿತು.

ಸೆಟ್ಟನ್ನು ಆರಿಸಿ ಕೇಳಿದರು. "ಮುಂಚೇನೂ ಕರೆದಿರ್ತಾರಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಎದುರಿಗೆ ಬಂದು ಗಟ್ಟಿಯಾಗಿ, "ಕರೆದಿರ್ಬಹುದು ರೀ" ಎಂದೆ. ಅವರ ಕಣ್ಣು ತುಂಬಿತು. ನನ್ನದೂ.

ಕತ್ತಲಾಗುತ್ತಿತ್ತು. ಸೆಟ್ಟು ಎತ್ತಿಕೊಂಡು ಅವರು ಮುಂದೆ, ಬಟ್ಟೆ ಹೊತ್ತು ನಾನು ಹಿಂದೆ ಮೆಟ್ಟಿಲಿಳಿಯತೊಡಗಿದೆವು. ಅಭ್ಯಾಸಬಲದಿಂದ ಕೇಳಿದೆ, "ಅನ್ನಕ್ಕಿಡ್ಲಾ?"

ಹ್ಞೂಂ ಬರುತ್ತದೆಂದುಕೊಂಡೆ. ಅವರು ನಿಂತರು. ತಿರುಗಿದರು.

"ಏನಂದೆ? ನಂಗೆ ಕೇಳಿಸ್ಲಿಲ್ಲ ಮಾರಾಯ್ತಿ. ಇನ್ನೊಂದ್ಸಲ ಹೇಳು."

ಎಷ್ಟು ವರ್ಷವಾಗಿತ್ತು ಆ ಮಾತು ಕೇಳಿ! ಎರಡು ಮೆಟ್ಟಿಲು ಇಳಿದು, ಮುಖಕ್ಕೆ ಮುಖ ಕೊಟ್ಟು, "ಅನ್ನಕ್ಕಿಡ್ಲಾ?" ಎಂದು ಕೇಳಿ, ಅವರ ಹೆಗಲ ಮೇಲೊಂದು ರಗಣ ಒತ್ತಿದೆ.

"ಇಡು, ಹಸಿವಾಗ್ತಿದೆ" ಎಂದರು.