ಇಬ್ಬರೂ ಕಂಡರೆ ಮಾತ್ರ ಲೆಕ್ಕ

ತಾರಸಿಗೆ ಶೀಟು ಹೊದಿಸುವ ಮಾದೇಶ ಅಳತೆ ತೆಗೆಯಲು ಬಂದವನು, ನೀರಿನ ಟ್ಯಾಂಕಿನ ಹಿಂದೆ ಕೈ ಹಾಕಿ ಒಂದು ಚಾಪೆಯ ಸುರುಳಿಯನ್ನು ಎಳೆದ. "ಅಮ್ಮ, ಇದು ಬೇಕಾ, ಬಿಸಾಕ್ಲಾ?" ಎಂದ. ಬಿಸಾಕು ಅನ್ನಬೇಕೆಂದೇ ಬಾಯಿ ತೆರೆದೆ. ಅಂಚು ಹರಿದ ಈಚಲು ಚಾಪೆ. ಹಳೆ ಸಾಮಾನಿನವನೂ ಮೂಸಿ ನೋಡುವುದಿಲ್ಲ. ಅಷ್ಟರಲ್ಲಿ ಅವನು ದೂಳು ಹೋಗಲೆಂದು ಅದನ್ನು ಗೋಡೆಗೆ ಬಡಿದ. ಊದುಬತ್ತಿಯ ವಾಸನೆ ಎದ್ದಿತು. ಹಚ್ಚಿದ ಊದುಬತ್ತಿಯದಲ್ಲ, ಇನ್ನೂ ಪ್ಯಾಕೆಟ್ಟಿನೊಳಗೇ ಇರುವ ಊದುಬತ್ತಿಯದು. ಎರಡು ಮಳೆಗಾಲ ಟ್ಯಾಂಕಿನ ಹಿಂದೆ ಕೂತ ಚಾಪೆಯಲ್ಲಿ ಅದು ಹೇಗೆ ಉಳಿದಿತ್ತೋ, ಅಥವಾ ನನ್ನ ಮೂಗೇ ಅದನ್ನು ಹುಟ್ಟಿಸಿಕೊಂಡಿತೋ, ಹೇಳಲಾರೆ. "ಇಲ್ಲಿ ಕೊಡು" ಎಂದು ಇಸಿದುಕೊಂಡೆ. "ಕೆಲಸ ಹದಿನಾಲ್ಕನೇ ತಾರೀಕಿಗೆ ಶುರು ಮಾಡು. ಅದಕ್ಕೆ ಮುಂಚೆ ಬೇಡ."

ಶೀಟು ಹಾಕಿಸುವ ಯೋಚನೆ ನನ್ನದೇ. ತಾರಸಿ ಬಿಸಿಲಿಗೆ ಕಾದು ಮೇಲಿನ ಕೋಣೆ ಬಾಣಲೆಯಾಗುತ್ತದೆ, ಮಳೆಗೆ ಮೂಲೆ ಜಿನುಗುತ್ತದೆ. ಬೀದಿಯಲ್ಲಿ ನಾಲ್ಕು ಮನೆಯವರಿಗೆ ನಾನೇ ಬುದ್ಧಿ ಹೇಳಿ ಹಾಕಿಸಿದ್ದೇನೆ. ಆದರೆ ಶೀಟು ಬಂದರೆ ಆ ಚಾಪೆ ಹಾಸುವ ಜಾಗ ಹೋಗುತ್ತದೆ ಎನ್ನುವುದು ಅದು ಕೈಗೆ ಬರುವವರೆಗೂ ನನಗೆ ಹೊಳೆದಿರಲಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಹರಕು ಚಾಪೆಗೆ ಈ ಹೆಂಗಸು ಯಾಕಿಷ್ಟು ಎಳೆದಾಡುತ್ತಾಳೆ ಅನ್ನುತ್ತೀರಿ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳಾಗಿ, ಕುಂಬಾರಕೊಪ್ಪಲಿನ ಬೀದಿಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಶುರು ಮಾಡಿದವಳು ನಾನು. ಆಮೇಲೆ ಒಂದು ಪಾತ್ರೆ ಅಂಗಡಿ, ಆಮೇಲೆ ರಾಮಕೃಷ್ಣನಗರದ ಈ ಮನೆ. ಪಂಚೆಯನ್ನು ಬಿಸಿಲಿಗೆ ಹಿಡಿದು ತೂತು ನೋಡದೆ ಒಂದು ಲೋಟವನ್ನೂ ಕೊಟ್ಟವಳಲ್ಲ. ನಿಮಗೂ ಹೇಳುತ್ತೇನೆ: ಕೊಳ್ಳುವಾಗ ಮೊದಲ ಬೆಲೆ ನಿಮ್ಮ ಬಾಯಿಂದ ಬರಬಾರದು. ಕುಕ್ಕರಿನ ಮುಚ್ಚಳವನ್ನು ಅಂಗಡಿಯಲ್ಲೇ ಹಾಕಿ ತೆಗೆದು ನೋಡಿ. ಕಣ್ಣಿಗೆ ಕಾಣದ ಮಾಲನ್ನು ನಂಬಬೇಡಿ. ಈ ಕೊನೆಯ ಮಾತನ್ನು ನಾನು ಆಕಾಶಕ್ಕೂ ಅನ್ವಯಿಸಿದೆ. ಅಲ್ಲಿಂದಲೇ ನನಗೂ ರತ್ನಳಿಗೂ ಜಗಳ.

ರತ್ನ ನನ್ನ ನಾದಿನಿ, ಯಜಮಾನರ ತಂಗಿ. ಮದುವೆ ಬೇಡವೆಂದಳು, ನಮ್ಮ ಜೊತೆಗೇ ಉಳಿದಳು. ಊದುಬತ್ತಿ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಅವಳು ಹಿಟ್ಟು ಕಲಸಿದರೆ ಚಪಾತಿಗೂ ಕೇದಗೆಯ ವಾಸನೆ ಬರುತ್ತಿತ್ತು. ಚೌಕಾಸಿ ಅವಳಿಗೆ ಗೊತ್ತೇ ಇಲ್ಲ. ಸೊಪ್ಪಿನವಳು ಹೇಳಿದಷ್ಟು ಕೊಟ್ಟು, "ಅವಳೂ ಬದುಕ್ಬೇಕಲ್ವಾ ಅತ್ತಿಗೆ" ಅನ್ನುವಳು. "ನಾವು ಸತ್ಮೇಲಾ?" ಅನ್ನುತ್ತಿದ್ದೆ ನಾನು.

ಯಜಮಾನರು ಹೋದ ಮೇಲೆ ಮನೆಯಲ್ಲಿ ಇಬ್ಬರೇ ಹೆಂಗಸರಾದೆವು. ಅವರು ಇದ್ದಷ್ಟು ಕಾಲ ನಾಲ್ಕು ಗಂಟೆಗೆ ಎದ್ದು ಕೆಮ್ಮುತ್ತಾ ಒಲೆ ಹಚ್ಚುತ್ತಿದ್ದರು. ಆ ಕೆಮ್ಮು ನಿಂತಮೇಲೂ ನಮಗೆ ನಾಲ್ಕಕ್ಕೇ ಎಚ್ಚರ. ಎದ್ದು ಮಾಡುವುದೇನು? ಅವಳ ಕೋಣೆಯಲ್ಲಿ ಅವಳು, ನನ್ನದರಲ್ಲಿ ನಾನು, ಇಬ್ಬರೂ ನಿದ್ದೆ ಬಂದವರಂತೆ ಬಿದ್ದಿರುತ್ತಿದ್ದೆವು. ಒಂದು ಡಿಸೆಂಬರಿನಲ್ಲಿ ರತ್ನ ಪತ್ರಿಕೆ ಮಡಿಸಿಕೊಂಡು ಬಂದು, "ಅತ್ತಿಗೆ, ನಾಳೆ ಬೆಳಗಿನ ಜಾವ ಉಲ್ಕೆ ಮಳೆಯಂತೆ. ನಕ್ಷತ್ರ ಉದುರ್ತಾವಂತೆ. ಟಿಕೆಟ್ಟೂ ಇಲ್ಲ" ಎಂದಳು.

"ಟಿಕೆಟ್ ಇಲ್ದೆ ತೋರ್ಸೋದು ಯಾವ್ದೂ ಚೆನ್ನಾಗಿರಲ್ಲ ಬುಡು" ಎಂದೆ. ಆದರೂ ಹೋದೆ. ಹೇಗೂ ಎಚ್ಚರವಿತ್ತಲ್ಲ.

ಹೋಗುವ ಮೊದಲು ನಾನು ನನ್ನ ಜಾಣತನ ತೋರಿಸದೆ ಇರಲಿಲ್ಲ. ಪೇಟೆಯಲ್ಲಿ ಹಳೆ ಸಾಮಾನು ಮಾರುವವನ ಜೊತೆ ಅರ್ಧ ದಿನ ಗುದ್ದಾಡಿ ಒಂದು ಬೈನಾಕ್ಯುಲರ್ ತಂದಿದ್ದೆ. ಅವನು ಅಳುವಷ್ಟು ಬೆಲೆ ಇಳಿಸಿದ್ದೆ ಎಂದುಕೊಂಡಿದ್ದೆ. ಚಾಪೆಯ ಮೇಲೆ ಮಲಗಿ ಅದನ್ನು ಕಣ್ಣಿಗೆ ಹಚ್ಚಿದರೆ, ಬಾವಿಯ ತಳದಿಂದ ಇಣುಕಿದ ಹಾಗೆ ಒಂದು ಚೂರು ಆಕಾಶ. ಉಲ್ಕೆಗಳೆಲ್ಲ ಬಾವಿಯ ಹೊರಗೇ ಬಿದ್ದವು. ನನ್ನ ಮಾತು ಕೇಳಿ, ಉಲ್ಕೆ ನೋಡಲು ಏನನ್ನೂ ಕೊಳ್ಳಬೇಡಿ. ಬರಿಗಣ್ಣೇ ಸಾಕು, ಆಕಾಶದ ಎಷ್ಟು ಭಾಗ ಕಣ್ಣಿಗೆ ಸಿಕ್ಕುತ್ತದೋ ಅಷ್ಟು ಲಾಭ. ಆ ಬೈನಾಕ್ಯುಲರ್ ಆಮೇಲೆ ಹಿಂದಿನ ಬೀದಿಯಲ್ಲಿ ಯಾರ ಮನೆಗೆ ಹೊಸ ಫ್ರಿಜ್ ಬಂತು ಎಂದು ನೋಡಲು ಆಯಿತು.

ನಮ್ಮ ಅತ್ತೆಯದೊಂದು ಪದ್ಧತಿ ಇತ್ತು. ನಕ್ಷತ್ರ ಬಿದ್ದದ್ದು ಕಣ್ಣಿಗೆ ಬಿದ್ದರೆ ಒಳ್ಳೆಯದಲ್ಲ, ತಕ್ಷಣ ಒಂದು ಹೂವಿನ ಹೆಸರು ಹೇಳಿಬಿಡಬೇಕು, ಆಗ ದೋಷ ಹೋಗುತ್ತದೆ ಎನ್ನುವರು. ರತ್ನ ಅದನ್ನು ಆಟ ಮಾಡಿಕೊಂಡಳು. ಒಂದು ಬೆಳಗಿನಲ್ಲಿ ಹೇಳಿದ ಹೂವನ್ನು ಮತ್ತೆ ಹೇಳುವಂತಿಲ್ಲ. ನನ್ನ ಬಂಡವಾಳ ಮಲ್ಲಿಗೆ, ಸೇವಂತಿಗೆ, ಕನಕಾಂಬರಕ್ಕೆ ಮುಗಿಯುತ್ತಿತ್ತು. ಅವಳಿಗೆ ದಿನವಿಡೀ ಕೈಯಲ್ಲಿ ಹೂವಿನ ಹೆಸರಿನ ಪ್ಯಾಕೆಟ್ಟುಗಳೇ. ಸಂಪಿಗೆ, ಸುಗಂಧರಾಜ, ಕೇದಗೆ, ಪಾರಿಜಾತ, ಸುರಗಿ ಎಂದು ಇಳಿಸುತ್ತಾ ಹೋಗುವಳು. ಅದೂ ಮುಗಿದಾಗ "ಮರುಗ" ಅನ್ನುವಳು.

"ಮರುಗ ಹೂವಲ್ಲ ಕಣೇ, ಎಲೆ. ನಡೆಯಲ್ಲ."

"ಹೂವಿನ ಜೊತೆ ಕಟ್ಟಲ್ವಾ ಅತ್ತಿಗೆ? ದಂಡೆಗೆ ಸೇರಿದ್ಮೇಲೆ ಹೂವೇ."

"ದಂಡೆಗೆ ಬಾಳೆನಾರೂ ಸೇರುತ್ತೆ. ಅದೂ ಹೂವಾ?"

ಎಷ್ಟು ವರ್ಷ ಕೇಳಿದರೂ ಮರುಗವನ್ನು ನಾನು ಒಪ್ಪಲಿಲ್ಲ. ಇನ್ನೊಂದು ಕರಾರೂ ನನ್ನದೇ. ಅವಳು "ಅಗೋ" ಅಂದಾಗ ನಾನು ತಿರುಗುವಷ್ಟರಲ್ಲಿ ಅಲ್ಲಿ ಏನೂ ಇರುತ್ತಿರಲಿಲ್ಲ. ಉಲ್ಕೆಯ ಸ್ವಭಾವವೇ ಅದು. ತೋರಿಸಲು ಆಗದ ಮಾಲು. "ನೀನು ಹೇಳಿದ್ದಕ್ಕೆಲ್ಲ ನಾನು ರುಜು ಹಾಕಕ್ಕಾಗಲ್ಲ. ಇಬ್ರೂ ಕಂಡ್ರೆ ಮಾತ್ರ ಲೆಕ್ಕ" ಎಂದೆ. ಅವಳು ನಕ್ಕು ಒಪ್ಪಿದಳು. ಚೌಕಾಸಿ ಬಾರದವಳಲ್ಲವೇ.

ಹೀಗೆ ವರ್ಷಗಳು ಹೋಗುತ್ತಾ ನಾನು ಈ ವಿಷಯದಲ್ಲೂ ಉಪದೇಶ ಮಾಡುವಷ್ಟು ಕಲಿತೆ. ಡಿಸೆಂಬರ್ ಹದಿಮೂರು ಹದಿನಾಲ್ಕರ ಆಸುಪಾಸಿನದು ಎಲ್ಲಕ್ಕಿಂತ ಉದಾರಿ. ಮಿಥುನ ರಾಶಿಯ ಕಡೆಯಿಂದ ಬರುತ್ತದೆ, ಒಂಬತ್ತು ಗಂಟೆಗೇ ಶುರುವಾಗಿ ಬೆಳಗಿನವರೆಗೂ ಇರುತ್ತದೆ. ಆಗಸ್ಟಿನದನ್ನು ಪತ್ರಿಕೆಗಳು ಬಹಳ ಹೊಗಳುತ್ತವೆ, ಮೋಸ ಹೋಗಬೇಡಿ. ಶ್ರಾವಣದ ಮೋಡ ಹೊದ್ದ ಮೈಸೂರಿನಲ್ಲಿ ಸಿಕ್ಕುವುದು ನೆಗಡಿ ಮಾತ್ರ. ಅಕ್ಟೋಬರಿನದನ್ನು ದಸರೆಯ ದೀಪಗಳು ತಿಂದರೂ ತಿನ್ನಬಹುದು, ಉಳಿದದ್ದನ್ನು ಹಿಂಗಾರು. ನವೆಂಬರ್ ಹದಿನೇಳರ ಸಿಂಹರಾಶಿಯದು ಹೆಸರಿಗೆ ದೊಡ್ಡದು, ಕೈ ಬಿಗಿ. ಮೇ ಮೊದಲ ವಾರ ಬೆಳಗಿನ ಜಾವದ್ದು ಪರವಾಗಿಲ್ಲ. ಆ ಸೆಕೆಯಲ್ಲಿ ಹೇಗೂ ನಿದ್ದೆ ಇಲ್ಲ. ಹುಣ್ಣಿಮೆ ಹತ್ತಿರವಿದ್ದರೆ ಯಾವುದಕ್ಕೂ ಏಳಬೇಡಿ. ಮೊಬೈಲನ್ನು ಕೆಳಗೇ ಬಿಟ್ಟು ಹೋಗಿ. ಕಣ್ಣು ಕತ್ತಲಿಗೆ ಪಳಗಲು ಇಪ್ಪತ್ತು ನಿಮಿಷ ಬೇಕು. ಒಮ್ಮೆ ಮೊಬೈಲು ನೋಡಿದರೆ ಮತ್ತೆ ಮೊದಲಿಂದ. ಮತ್ತು ಜೊತೆಗೆ ಒಬ್ಬರಿರಲಿ. ಇದನ್ನು ಮೊದಲೇ ಹೇಳಬೇಕಿತ್ತು.

ರತ್ನಳಿಗೆ ಶುಗರ್ ಇತ್ತು. ಅದು ಮೆಲ್ಲಗೆ ಕಣ್ಣಿಗೆ ಇಳಿಯಿತು. ಮೊದಲು ಸೂಜಿಯ ಕಣ್ಣು ಕಾಣಲಿಲ್ಲ, ಆಮೇಲೆ ಪ್ಯಾಕೆಟ್ಟಿನ ಮೇಲಿನ ಅಕ್ಷರ, ಆಮೇಲೆ ಚಾಮುಂಡಿ ಬೆಟ್ಟದ ದೀಪದ ಸಾಲು. ಆ ಡಿಸೆಂಬರಿನಲ್ಲಿ ನಾನು ತಾರಸಿಯ ಮಾತೇ ಎತ್ತಲಿಲ್ಲ. ನಾಲ್ಕು ಗಂಟೆಗೆ ಅವಳೇ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು, ಶಾಲು ಹೊದ್ದು. "ಅತ್ತಿಗೆ, ಏಳಲ್ವಾ? ನೀವು ನೋಡಿ, ನಾನು ಹೂವು ಹೇಳ್ತೀನಿ."

ಮೊದಲನೆಯದು ಬಿದ್ದಾಗ "ಅಗೋ" ಎಂದೆ. ಅವಳು "ಸಂಪಿಗೆ" ಎಂದಳು.

"ನೀನು ಕಾಣ್ಲಿಲ್ವಲ್ಲ, ಲೆಕ್ಕಕ್ಕೆ ಬರುತ್ತಾ?" ಎಂದೆ, ನಗಿಸೋಣವೆಂದು.

"ನೀವು ಕಂಡೆ ಅಂದ್ರೆ ಬಿತ್ತು ಬಿಡಿ" ಎಂದಳು ರತ್ನ. ಎಷ್ಟು ಸಲೀಸಾಗಿ ಎಂದರೆ, ಸೊಪ್ಪಿನವಳಿಗೆ ಕೇಳಿದಷ್ಟು ಕೊಟ್ಟ ಹಾಗೆ.

ಮಾರನೆಯ ವರ್ಷ ಮೋಡ ಕವಿದಿತ್ತು. ಮೆಟ್ಟಿಲು ಹತ್ತಿಸಿಕೊಂಡು ಬಂದು ಮಲಗಿಸಿಯಾಗಿದೆ, ಏನಿಲ್ಲ ಎಂದು ಹೇಗೆ ಹೇಳಲಿ? "ಅಗೋ" ಎಂದೆ. "ಸುರಗಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಬೀಳಿಸಿದೆ. "ಪಾರಿಜಾತ." ಹೀಗೆ ಐದಾರು ಆದ ಮೇಲೆ ಅವಳು ಚಾಪೆಯ ಮೇಲೆ ಕೈಯಾಡಿಸಿ, "ಅತ್ತಿಗೆ, ಇಬ್ಬನಿನೇ ಇಲ್ಲ, ಚಾಪೆ ಒಣಗೇ ಇದೆ. ಮೋಡ ಅಲ್ವಾ ಇವತ್ತು?" ಎಂದಳು.

ನಾನು ಶಾಲನ್ನು ಅವಳ ಕಾಲಿನವರೆಗೆ ಎಳೆದು ಹೊದಿಸಿದೆ.

"ಪರವಾಗಿಲ್ಲ ಹೇಳಿ" ಎಂದಳು ಅವಳೇ. "ನಂಗೆ ಇನ್ನೂ ಸುಮಾರು ಹೂವು ಉಳಿದಿದೆ."

ಅದು ಕೊನೆಯ ಸಲ. ಯುಗಾದಿಗೆ ಮುಂಚೆ ರತ್ನ ಹೋದಳು. ಚಾಪೆಯನ್ನು ಟ್ಯಾಂಕಿನ ಹಿಂದೆ ಸಿಕ್ಕಿಸಿದ್ದು ಯಾವಾಗ, ಯಾರು, ಎಂಬುದೂ ನನಗೆ ನೆನಪಿಲ್ಲ. ಹೋದ ಡಿಸೆಂಬರಿನಲ್ಲಿ ನಾನು ಮೇಲೆ ಹೋಗಲಿಲ್ಲ. ನಾಲ್ಕಕ್ಕೆ ಎಚ್ಚರವಾಯಿತು, ಫ್ಯಾನು ನೋಡುತ್ತಾ ಮಲಗಿದ್ದೆ.

ಈ ಸಲ ಹೋದೆ. ಇವತ್ತೇ, ಹದಿನಾಲ್ಕರ ಬೆಳಗಿನ ಜಾವ. ಶೀಟು ಬರುವ ಮೊದಲು ಒಂದು ಸಲ ನೋಡಿ ಮುಗಿಸಿಬಿಡೋಣ ಎನ್ನುವ ಲೆಕ್ಕ. ಚಾಪೆ ಹಾಸಿದೆ. ನನಗೆ ಗೊತ್ತಿಲ್ಲದೆಯೇ ಒಂದು ಮಗ್ಗುಲಿಗೆ ಮಲಗಿ ಇನ್ನೊಂದು ಅರ್ಧ ಖಾಲಿ ಬಿಟ್ಟಿದ್ದೆ. ಇಬ್ಬನಿ ಚೆನ್ನಾಗಿ ಬಿದ್ದಿತ್ತು. ಬಹಳ ಹೊತ್ತು ಏನೂ ಇಲ್ಲ. ಯಾರದೋ ಮನೆಯ ಮೋಟರು ಓಡಿ ನಿಂತಿತು. ಆಮೇಲೆ ಒಂದು ಬಿತ್ತು ನೋಡಿ, ನೆತ್ತಿಯಿಂದ ಹೊರಟು ಎದುರುಮನೆಯ ತೆಂಗಿನ ಮರದವರೆಗೆ, ಹಸಿರು ಅಂಚಿನ ಗೆರೆ. ಇಷ್ಟು ವರ್ಷದಲ್ಲಿ ಅಂಥದ್ದನ್ನು ಕಂಡಿರಲಿಲ್ಲ. "ಕಂಡ್ಯಾ?" ಎಂದು ಪಕ್ಕಕ್ಕೆ ತಿರುಗಿದೆ.

ನನ್ನ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಕರಾರು ನೆನಪಾಯಿತು. ಒಬ್ಬಳೇ ಕಂಡದ್ದು, ಲೆಕ್ಕಕ್ಕಿಲ್ಲ. ಹೂವಿನ ಹೆಸರೂ ಹೇಳದೆ ಚಾಪೆ ಸುತ್ತಿದೆ.

ಎಂಟು ಗಂಟೆಗೆ ಮಾದೇಶ ಬಂದ. ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಟೇಪು ಬಿಚ್ಚಿದ. ನಾನು ಟ್ಯಾಂಕಿನ ಹತ್ತಿರ ನಿಂತು, "ಇಲ್ಲಿಂದ ಈಚೆಗೆ ಶೀಟು ಬೇಡ. ಬೆಟ್ಟದ ಕಡೆ ಅರ್ಧ ಹಂಗೇ ಬುಟ್ಬುಡು" ಎಂದೆ.

"ಅರ್ಧ ಹೊದ್ಸಿದ್ರೆ ಎರಚಲು ಹೊಡೀತದೆ ಕಣಮ್ಮ. ಆಮೇಲೆ ಮಾದೇಶ ಕೆಲ್ಸ ಕೆಡಿಸ್ದ ಅಂತೀರ."

"ಅನ್ನಲ್ಲ."

"ನೀವು ಅನ್ದೇ ಇರ್ತೀರಾ? ಇನ್ನೂ ಏಣಿನೇ ಹಾಕಿಲ್ಲ, ಆಗ್ಲೇ ಶುರು ಮಾಡಿದೀರಿ." ನಕ್ಕ. "ಏನಕ್ಕಮ್ಮ ಜಾಗ, ಸಂಡಿಗೆ ಒಣಗ್ಸಕ್ಕಾ?"

"ನಕ್ಷತ್ರ ಬೀಳೋದು ನೋಡಕ್ಕೆ. ಇವತ್ತು ಬೆಳಗಿನ ಜಾವ ಒಂದು ಬಿತ್ತು. ಇಲ್ಲಿ ನೆತ್ತಿ ಮೇಲಿಂದ ಆ ತೆಂಗಿನ ಮರದ ತನಕ. ನೀನು ನೋಡ್ಲಿಲ್ವಾ?"

"ನಾನೆಲ್ಲಿ ನೋಡ್ಲಿ, ಮಲ್ಗಿದ್ದೆ." ಟೇಪಿನ ತುದಿಯನ್ನು ಗೋಡೆಗೆ ಒತ್ತಿಹಿಡಿದು, ಅಂಕಿಯ ಮೇಲೇ ಕಣ್ಣಿಟ್ಟು ಹೇಳಿದ, "ನೀವು ಕಂಡೆ ಅಂದ್ರೆ ಬಿತ್ತು ಬುಡಿ."

ಗಿರಾಕಿ ಏನು ಹೇಳಿದರೂ ಹೌದೆನ್ನುವುದು ಅವನ ಕಸುಬಿನ ಅಭ್ಯಾಸ. ನನಗೆ ಗೊತ್ತಿಲ್ಲದ್ದೇನಲ್ಲ, ನಾನೂ ಹಾಗೆಯೇ ಪಾತ್ರೆ ಮಾರಿದವಳು. ಆದರೂ ನಾನು ಆ ತೆಂಗಿನ ಮರದ ಕಡೆ ತಿರುಗಿದೆ. ಬಿತ್ತು ಎಂದಮೇಲೆ ಹೂವಿನ ಹೆಸರೊಂದು ಬಾಕಿ ಇತ್ತು. ಮಲ್ಲಿಗೆ ಇತ್ತು, ಸಂಪಿಗೆ ಇತ್ತು, ಇವತ್ತಿನ ಮಟ್ಟಿಗೆ ಯಾವುದೂ ಖರ್ಚಾಗಿರಲಿಲ್ಲ.

"ಮರುಗ" ಎಂದೆ.

"ಏನಮ್ಮ?"

"ಏನಿಲ್ಲ. ಟೇಪು ಬಿಗಿಯಾಗಿ ಹಿಡ್ಕೊ."